ಕಾಶಪ್ಪನವರ ಸೊನ್ನೆ ನೋವು

ಹುನಗುಂದದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ಕಾಶಪ್ಪನವರು ವರ್ಷಗಟ್ಟಲೆ ಕುಂಟಿದರೂ ತಾವು ಕುಂಟುತ್ತೇವೆಂದು ಎಂದೂ ಒಪ್ಪಿದವರಲ್ಲ. ಕೇಳಿದವರಿಗೆ, "ಎಡಗಾಲ ಒಂಚೂರು ಹಿಂದ ಉಳೀತೈತಿ, ಅಷ್ಟ" ಎನ್ನುತ್ತಿದ್ದರು, ಕಾಲು ಬೇರೆ ತಾವು ಬೇರೆ ಎಂಬಂತೆ. ಕೊನೆಗೆ ಅವರನ್ನು ಆಪರೇಶನ್ನಿಗೆ ಒಪ್ಪಿಸಿದ್ದು ಡಾಕ್ಟರೂ ಅಲ್ಲ, ಹೆಂಡತಿ ಗುರುಲಿಂಗವ್ವನೂ ಅಲ್ಲ, ಬಸವ ಜಯಂತಿಯ ಊಟ. ಅಂದು ಎಲ್ಲರ ಜೊತೆ ನೆಲದ ಮೇಲೆ ಕುಳಿತು ಉಂಡವರಿಗೆ ಏಳಲು ಬರಲಿಲ್ಲ. ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿ ಕುಳಿತಿತು. ಕಾಶಪ್ಪನವರು ಇನ್ನೂ ಹಸಿವೆ ತೀರದವರಂತೆ ಮತ್ತೊಂದು ಎಲೆ ಹಾಕಿಸಿಕೊಂಡು ಮತ್ತೊಮ್ಮೆ ಗೋಧಿ ಹುಗ್ಗಿ ಉಂಡರು. ಮೂರನೆಯ ಪಂಕ್ತಿಯ ಹೊತ್ತಿಗೆ ಗುರುಲಿಂಗವ್ವನೇ ಬಂದು, "ಸಾಕ ಏಳ್ರಿ, ಹೊಟ್ಟಿ ಒಡದೀತು" ಎಂದು ಇಬ್ಬರು ಗಟ್ಟಿ ಆಳುಗಳನ್ನು ಹಚ್ಚಿ ಎಬ್ಬಿಸಿದಳು.

ಹೀಗೆ ಬಾಗಲಕೋಟೆಯ ನವನಗರದ ಒಂದು ದವಾಖಾನೆಯಲ್ಲಿ ಕಾಶಪ್ಪನವರ ಮೊಣಕಾಲು ಬದಲಾಯಿತು. ಸಿಕ್ಕಿದ್ದು ಎರಡು ಮಂಚದ ರೂಮು. ಕಿಟಕಿಯ ಪಕ್ಕದ ಮಂಚದಲ್ಲಿ ಅಮೆರಿಕದ ತರುಣನೊಬ್ಬ ಮೊದಲೇ ಮಲಗಿದ್ದ. ಹಗ್ಗ ಕಟ್ಟಿಕೊಂಡು ಬಾದಾಮಿಯ ಕೆಂಪು ಬಂಡೆ ಹತ್ತಲೆಂದು ಏಳು ಸಮುದ್ರ ದಾಟಿ ಬಂದವನು. ಬಂಡೆಯನ್ನೇನೋ ಸರಿಯಾಗಿಯೇ ಹತ್ತಿ, ಸರಿಯಾಗಿಯೇ ಇಳಿದಿದ್ದ. ಆಮೇಲೆ ಚಹಾ ಕುಡಿಯಲು ಹೋಗುವಾಗ ಗಟಾರದ ಮೇಲಿನ ಫರಸಿಕಲ್ಲು ಹೊರಳಿ ಬಿದ್ದು ಕಣಕಾಲು ಮುರಿದುಕೊಂಡಿದ್ದ. ಹಿಂದಿನ ದಿನವೇ ಅವನ ಕಾಲಿಗೆ ಪ್ಲೇಟು, ಸ್ಕ್ರೂ ಹಾಕಿದ್ದರು.

ಅವನ ಹೆಸರು ಟ್ರಾವಿಸ್. ಗುರುಲಿಂಗವ್ವನ ಕಿವಿಗೆ ಅದು ತ್ರಾಸ ಎಂದು ಕೇಳಿಸಿತು. "ಪಾಪ, ಹಡೆಯೂ ಮುಂದ ಆ ತಾಯಿ ಎಷ್ಟ ತ್ರಾಸ ತಗೊಂಡಿದ್ದಳೊ ಏನೊ, ಹೆಸರ ಅದನ್ನ ಇಟ್ಟಾಳ" ಎಂದು ಮರುಗಿದಳು. ಅಂದಿನಿಂದ ಅವನು ಆ ರೂಮಿನಲ್ಲಿ ತ್ರಾಸಪ್ಪನಾದ. ಅವನಿಗೂ ಆ ಹೆಸರು ಹಿಡಿಸಿದಂತೆ ಕಂಡಿತು. ಕರೆದರೆ ತಿರುಗಿ ನೋಡುತ್ತಿದ್ದ.

ಕಾಶಪ್ಪನವರನ್ನು ಆಪರೇಶನ್ ಕೋಣೆಯಿಂದ ತಂದು ಮಲಗಿಸಿದ ಮಧ್ಯಾಹ್ನ ತ್ರಾಸಪ್ಪ ನರ್ಸಿಗೆ ಏನನ್ನೋ ಕೇಳುತ್ತಿದ್ದ. ನರ್ಸು ಇಳಕಲ್ಲಿನ ತಬಸುಮ. ಮಂಗಳೂರಿನಲ್ಲಿ ಓದಿ ಬಂದದ್ದರಿಂದ ಇಂಗ್ಲಿಷು ಚೆನ್ನಾಗಿತ್ತು. ಕಾಶಪ್ಪನವರಿಗೂ ಇಂಗ್ಲಿಷು ಬರುತ್ತಿತ್ತು, ಆದರೆ ಅದು ಕೋರ್ಟಿನ ಇಂಗ್ಲಿಷು. ಜಾಮೀನು ಕೊಡಲು, ಕೇಸು ಮುಂದೂಡಲು ಬಹಳ ಅನುಕೂಲ. ಮನುಷ್ಯರ ಜೊತೆ ಮಾತಾಡಲು ಅಷ್ಟಾಗಿ ಒದಗುತ್ತಿರಲಿಲ್ಲ.

"ಏನಂತಾನವಾ ತಂಗಿ ಅಂವಾ?" ಎಂದು ಕೇಳಿದರು.

"ಬ್ಯಾನಿಗೆ ಗುಳಗಿ ಕೇಳಾಕತ್ತಾನ್ರಿ ಕಾಕಾ. ಪ್ಯಾರಾಸಿಟಮಾಲ್ ಕೊಟ್ಟೇನಿ. ಇದು ತಲಿನೋವಿನ ಗುಳಗಿ, ನಂದು ಮುರದದ್ದು ಕಾಲು ಅಂತಾನ."

"ಮತ್ತೇನ ಬೇಕಂತ ಅವಗ?"

ತಬಸುಮ ಅವನ ಮಾತನ್ನು ತಿರುಗಿಸಿ ಹೇಳಿದಳು. ಹತ್ತು ಹನ್ನೆರಡು ವರ್ಷದ ಹಿಂದೆ ಅವನ ಊರಲ್ಲಿ ಒಂದು ದವಡೆ ಹಲ್ಲು ಕಿತ್ತಾಗ ಡಾಕ್ಟರು ಒಂದು ಶೀಸೆಯ ತುಂಬ ಗುಳಿಗೆ ಕೊಟ್ಟು ಕಳಿಸಿದ್ದರಂತೆ. ಅಫೀಮಿನ ಜಾತಿಯ ಗುಳಿಗೆ. ಹಲ್ಲಿಗೇ ಅಷ್ಟು ಕೊಟ್ಟ ಮೇಲೆ ಮುರಿದ ಕಾಲಿಗೆ ಎಷ್ಟು ಕೊಡಬೇಕು ಎಂಬುದು ಅವನ ಲೆಕ್ಕ. ಎಲ್ಲಿ, ಶೀಸೆ ಎಲ್ಲಿ ಎಂದು ಅವನು ಬೆಳಗಿನಿಂದ ಕಾಯುತ್ತಿದ್ದ.

ಕಾಶಪ್ಪನವರು ದಿಂಬಿಗೆ ಒರಗಿ ನಕ್ಕರು. "ಒಂದ ಹಲ್ಲಿಗೆ ಶೀಸೆ! ಅವಗ ಹೇಳವಾ, ನನ್ನ ಕಡೆ ನೋಡು ಅಂತ. ಮೊಣಕಾಲ ಕಡದ ತಗದು ಬ್ಯಾರೆ ಕುಂಡರಿಸ್ಯಾರ. ಒಂದ ಹನಿ ಕಣ್ಣೀರ ಬಂತ? ಬ್ಯಾನಿ ಅನ್ನೂದು ಎಲ್ಲಾ ಮನಸಿನ ಮ್ಯಾಲ ಐತಿ. ನಮ್ಮ ಕಡೆ ಮಂದಿ ರೊಟ್ಟಿ ತಿಂದ ಬೆಳದಾರ, ಗುಳಗಿ ತಿಂದಲ್ಲ."

ಆಪರೇಶನ್ನಿಗೆ ಮೊದಲು ಅವರ ತೊಡೆಯಲ್ಲಿ ನರ ಮರಗಟ್ಟುವ ಸೂಜಿ ಚುಚ್ಚಿದ್ದರು, ಆ ಕಾಲಿಗೆ ನಾಳೆಯವರೆಗೆ ಯಾವುದರ ಸುದ್ದಿಯೂ ತಿಳಿಯುವುದಿಲ್ಲ ಎಂಬುದು ತಬಸುಮಳಿಗೆ ಗೊತ್ತಿತ್ತು. ಆಕೆ ಸಲಾಯಿನ್ ಬಾಟಲಿ ಸರಿಮಾಡುತ್ತ, "ಹೌದ್ರಿ ಕಾಕಾ, ನಾಳಿ ಮತ್ತ ಮಾತಾಡೂಣು" ಎಂದಳು.

ಸಂಜೆ ಡಾಕ್ಟರ್ ಶೈಲಾ ಬಂದರು. ಬಾದಾಮಿಯವರೇ. ಅರವಳಿಕೆ ಕೊಡುವ, ನೋವು ನೋಡಿಕೊಳ್ಳುವ ಡಾಕ್ಟರು. ಎರಡು ವರ್ಷ ಅಮೆರಿಕದ ದವಾಖಾನೆಯೊಂದರಲ್ಲಿ ಕೆಲಸ ಮಾಡಿ ಬಂದವರು. ಸೊನ್ನೆಯಿಂದ ಹತ್ತರವರೆಗೆ ಮುಖಗಳ ಚಿತ್ರವಿದ್ದ ಹಲಗೆಯನ್ನು ಎತ್ತಿ ಹಿಡಿದು, ನಿಮ್ಮ ನೋವು ಎಷ್ಟು ಎಂದು ಇಬ್ಬರನ್ನೂ ಕೇಳಿದರು. ಸೊನ್ನೆಯ ಮುಖ ನಗುತ್ತಿತ್ತು, ಹತ್ತರ ಮುಖ ಅಳುತ್ತಿತ್ತು. ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತಿದ್ದ ತ್ರಾಸಪ್ಪ ತಲೆ ಎತ್ತಿ ಎಂಟು ಎಂದ.

"ಸೊನ್ನಿ" ಎಂದರು ಕಾಶಪ್ಪನವರು, ತೀರ್ಪು ಓದುವ ದನಿಯಲ್ಲಿ.

ಮರುದಿನ ಹತ್ತು ಗಂಟೆಯ ಸುಮಾರಿಗೆ ತೊಡೆಯ ಮರಗಟ್ಟುವಿಕೆ ಇಳಿಯಿತು. ಮೊದಲು ಮೊಣಕಾಲಿನ ಸುತ್ತ ಯಾರೋ ಬಿಸಿ ಬೂದಿ ಸುರಿದ ಹಾಗಾಯಿತು. ಆಮೇಲೆ ಬೂದಿ ಹೋಗಿ ಕೆಂಡ ಬಂತು. ಕಾಲಿನ ಒಳಗೆ ಬಡಿಗನೊಬ್ಬ ಕುಳಿತು ಉಳಿ ಹಚ್ಚಿ ಹೊಡೆಯುತ್ತಿದ್ದ. ಕಾಶಪ್ಪನವರು ಮಂಚದ ಸರಳು ಹಿಡಿದರು. ಕೂಗಬೇಕೆನಿಸಿತು. ಆದರೆ ನಿನ್ನೆಯೇ ಇಡೀ ದೇಶದ ಪರವಾಗಿ ಹೇಳಿಕೆ ಕೊಟ್ಟಾಗಿತ್ತು, ಪಕ್ಕದ ಮಂಚದಲ್ಲಿ ಅಮೆರಿಕ ಮಲಗಿತ್ತು. ಹಲ್ಲು ಕಚ್ಚಿ ಫ್ಯಾನಿನ ಕಡೆ ನೋಡುತ್ತ ಮಲಗಿದರು.

ಅದೇ ಹೊತ್ತಿಗೆ ಕಾಲಿನ ವ್ಯಾಯಾಮ ಮಾಡಿಸುವ ಅಮರೇಶ ಬಂದ. "ಬರ್ರಿ ಕಾಕಾ, ಮೊಣಕಾಲ ಮಡಚೂಣು."

"ಇವತ್ತ ಬ್ಯಾಡಪಾ. ಅಮಾಸಿ ಐತಿ."

"ಅಮಾಸಿ ಆಗಿ ನಾಕ ದಿನ ಆತ್ರಿ."

"ಹಂಗಾರ ಮಧ್ಯಾಹ್ನ ಬಾ."

ಮಧ್ಯಾಹ್ನ ಬಂದರೆ ಈಗಷ್ಟೇ ಊಟವಾಗಿದೆ ಎಂದರು. ಸಂಜೆ ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು. ಮೂವತ್ತು ವರ್ಷ ವಕೀಲರು ವಾಯಿದೆ ಕೇಳುವುದನ್ನು ಎದುರಿಗೆ ಕುಳಿತು ಕೇಳಿದವರು. ಕೇಸು ಮುಂದೂಡಿಸುವ ಯಾವ ದಾರಿಯೂ ಅವರಿಗೆ ಗೊತ್ತಿಲ್ಲದ್ದಲ್ಲ. ಅಮರೇಶ ಹೋಗಿ ಡಾಕ್ಟರ್ ಶೈಲಾ ಅವರನ್ನು ಕರೆತಂದ.

"ಎಷ್ಟ ಐತ್ರಿ ಬ್ಯಾನಿ?" ಎಂದು ಅವರು ಕೇಳಿದರು.

"ಸೊನ್ನಿ." ಹಣೆಯ ಮೇಲಿಂದ ಬೆವರು ಇಳಿದು ಕಿವಿಯೊಳಗೆ ಹೋಯಿತು. ಕಾಶಪ್ಪನವರು ಹೆಂಡತಿಯ ಕಡೆ ತಿರುಗಿ, "ಗುರುಲಿಂಗವ್ವಾರ, ಒಂದೀಟ ನೀರ ಕೊಡತೀರೇನ್ರಿ?" ಎಂದರು.

ಗುರುಲಿಂಗವ್ವ ನೀರಿನ ತಂಬಿಗೆ ಕೈಯಲ್ಲಿ ಹಿಡಿದವಳು ಅದನ್ನು ಕೊಡದೆ ಡಾಕ್ಟರ ಮುಂದೆ ಹೋಗಿ ನಿಂತಳು. "ಮೇಡಂ, ಇವರಿಗೆ ಭಾಳ ನೂಸಾಕತ್ತೈತಿ. ಜೀವ ಹೋಗೂವಷ್ಟ ನೂಸಾಕತ್ತೈತಿ."

"ಏ, ನಿನಗ ಯಾರ ಹೇಳ್ಯಾರ?" ಎಂದರು ಕಾಶಪ್ಪನವರು.

"ಯಾರ ಯಾಕ ಹೇಳಬೇಕು. ಆರಾಮ ಇದ್ದಾಗ ನೀವು ನನ್ನ ಕರಿಯೂದು ಏ ಅಂತ, ಲಗೂ ಬಾ ಅಂತ. ಮೂತ್ರದಾಗ ಕಲ್ಲ ಆದಾಗ ನೀವು ತಾವು ಅಂದ್ರಿ. ಚೇಳ ಕಡದಾಗ ಅಂದ್ರಿ. ಮುಂಜಾನಿಂದ ನನಗ ನಾಕ ಸಲ ಗುರುಲಿಂಗವ್ವಾರ ಅಂದೀರಿ. ಇಷ್ಟ ಮರ್ಯಾದಿ ಕೊಡಾಕತ್ತಾರ ಅಂದ್ರ ಒಳಗ ಏನೋ ದೊಡ್ಡದ ಆಗೇತಿ ಅಂತ ನನಗ ತಿಳೀತು."

ತಬಸುಮ ಸೆರಗಿಲ್ಲದ್ದರಿಂದ ಕೈಯನ್ನೇ ಬಾಯಿಗೆ ಹಿಡಿದುಕೊಂಡು ನಕ್ಕಳು. ತ್ರಾಸಪ್ಪ ಏನಾಯಿತೆಂದು ಕೇಳಿದ. ಆಕೆ ಹೇಳಿದಳು. ಅವನು ನಗಲಿಲ್ಲ, ಕಾಶಪ್ಪನವರ ಬಿಳಿಚಿದ ಬೆರಳುಗಳನ್ನು ನೋಡಿದ. ಕಾಶಪ್ಪನವರು ನಿಜಕ್ಕೂ ದಂಗಾಗಿದ್ದರು. ತಮ್ಮಲ್ಲಿ ಇಂಥದೊಂದು ಚಾಳಿ ಇರುವುದು ಅವರಿಗೇ ಗೊತ್ತಿರಲಿಲ್ಲ. ಗುರುಲಿಂಗವ್ವ ಅದನ್ನು ಅರಿತಿದ್ದೂ ಇಷ್ಟು ವರ್ಷ ಹೊರಗೆ ಹಾಕಿರಲಿಲ್ಲ.

ಡಾಕ್ಟರ್ ಶೈಲಾ ಕುರ್ಚಿ ಎಳೆದು ಮಂಚದ ಹತ್ತಿರ ಕುಳಿತರು. "ಕಾಶಪ್ಪನವರ, ಈ ದಿನಗಳಾಗ ಕಾಲ ಮಡಚಲಿಲ್ಲಂದ್ರ ಆಮ್ಯಾಲ ಅದು ಕಟಗಿ ಆಗತೈತಿ. ಬ್ಯಾನಿ ಇಟಗೊಂಡ ಮಡಚಾಕ ಆಗಂಗಿಲ್ಲ. ಅದಕ್ಕ ವ್ಯಾಯಾಮಕಿಂತ ಮೊದಲ ಒಂದು ಸಣ್ಣ ಸೂಜಿ ಮಾಡತೇನಿ. ಮಾರ್ಫಿನ್."

"ಅದು ಅಫೀಮಿಂದ ಮಾಡಿದ್ದಲ್ರಿ?"

"ಹೌದ್ರಿ."

"ಆಗೂದಿಲ್ಲ" ಎಂದರು ಕಾಶಪ್ಪನವರು. "ಜಪ್ತಿ ಮಾಡಿದ ಅಫೀಮಿನ ಚೀಲಕ್ಕ ಮೊಹರ ಹಾಕಿದಾವ ನಾನು. ಮುದ್ದೆಮಾಲ ಮುಟ್ಟಿದಾವ, ನುಂಗಿದಾವ ಅಲ್ಲ. ಈ ವಯಸಿನ್ಯಾಗ ಆರೋಪಿ ನಂಬರ ಒಂದ ಆಗೂದು ಬ್ಯಾಡ."

"ನಿಮ್ಮ ಬಾಜೂಕ ಇರೂ ಹುಡುಗ ಅದನ್ನ ಕೊಡ್ರಿ ಅಂತ ಬೆನ್ನ ಹತ್ಯಾನ. ನಾ ಅವಗ ಕೊಡವಲ್ಲೆ. ನೀವು ಬ್ಯಾಡ ಅಂತೀರಿ, ನಿಮಗ ಕೊಡಾಕ ಹಟ ಹಿಡದೇನಿ" ಎಂದು ಡಾಕ್ಟರು ನಕ್ಕರು. ನಂತರ ದನಿ ಇಳಿಸಿ ಹೇಳಿದರು. "ಅಮೆರಿಕಾದಾಗ ಇದ್ದಾಗ ನಾನೂ ಬರಕೊಟ್ಟೇನ್ರಿ, ಶೀಸೆಗಟ್ಟಲೆ. ಎಲ್ಲಾರೂ ಕೊಡತಿದ್ರು. ಹಾಲೆಂಡಿನ ಕಡೆ ಇದ ಕಣಕಾಲ ಮುರದ್ರ ಭಾಳ ಮಂದಿಗೆ ಈ ತಲಿನೋವಿನ ಗುಳಗೀನ ಕೊಡತಾರ, ಅವರೂ ಆರಾಮ ಆಗಿ ಮನಿಗೆ ಹೋಗತಾರ. ಕಾಲ ಒಂದ, ಬ್ಯಾನಿ ಒಂದ, ಊರ ಬದಲಾದ್ರ ಔಷಧ ಬದಲ. ಅಲ್ಲಿ ಗುಳಗಿ ಬಿಡಾಕ ಆಗದ ಎಷ್ಟೋ ಮಂದಿ ಹಾಳಾದ್ರು, ಈಗ ಕೈ ಬಿಗಿ ಹಿಡದಾರ. ಇಲ್ಲೆ ಬೇಕಾದ ಹೊತ್ತಿಗೆ ಸಿಗದ ಎಷ್ಟೋ ಮಂದಿ ಒದ್ದಾಡಿ ಸತ್ತಾರ. ನನಗ ಎರಡೂ ಬ್ಯಾಡಾಗೇತಿ."

ಬಡಿಗ ಒಳಗೆ ತನ್ನ ಕೆಲಸ ನಡೆಸಿಯೇ ಇದ್ದ.

ದಾರಿ ತೆಗೆದವಳು ತಬಸುಮ. "ಕಾಕಾ, ಕೋರ್ಟಿನ್ಯಾಗ ಎರಡೂ ಕಡೆಯವರು ಹಟಾ ಹಿಡದ್ರ ಏನ ಮಾಡತಿದ್ರಿ?"

"ಲೋಕ ಅದಾಲತ್ತಿಗೆ ಹಾಕತಿದ್ವಿ. ರಾಜಿ ಮಾಡಸತಿದ್ವಿ."

"ಇಲ್ಲೂ ಮಾಡೂಣು. ತ್ರಾಸಪ್ಪ ಶೀಸೆ ಕೇಳೂದು ಬಿಡಲಿ. ನೀವು ಸೂಜಿ ಬ್ಯಾಡ ಅನ್ನೂದು ಬಿಡ್ರಿ."

ತ್ರಾಸಪ್ಪನಿಗೆ ವಿಷಯ ತಿಳಿಸಲಾಯಿತು. ಅವನು, ತಾನು ನಿನ್ನೆ ಎಂಟು ಎಂದದ್ದು ಆ ಹೊತ್ತಿನ ನೋವಿಗಲ್ಲ, ಮುಂದೆ ಬಂದೀತೆಂದುಕೊಂಡ ನೋವಿಗೆ ಎಂದು ಒಪ್ಪಿಕೊಂಡ. ಆ ಹೊತ್ತಿಗೆ ಇದ್ದದ್ದು ನಾಲ್ಕು. ಉಳಿದ ನಾಲ್ಕು ಹೆದರಿಕೆಯದು. ಆ ನೋವು ಇನ್ನೂ ಬಂದಿರಲಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಐಸು ಇಟ್ಟು, ಹೊತ್ತಿಗೆ ಸರಿಯಾಗಿ ಸಾದಾ ಗುಳಿಗೆ ಕೊಟ್ಟರೆ ತನಗೆ ಸಾಕು ಎಂದ. ಬೇಕೇ ಬೇಕಾದರೆ ಗಟ್ಟಿ ಔಷಧ ಕೊಡುವುದಾಗಿ ಡಾಕ್ಟರೂ ಮಾತು ಕೊಟ್ಟರು.

"ಎದುರುದಾರರು ಒಪ್ಯಾರ" ಎಂದಳು ತಬಸುಮ.

ಕಾಶಪ್ಪನವರು ಗುರುಲಿಂಗವ್ವನ ಮುಖ ನೋಡಿದರು. ಆಕೆ ತಂಬಿಗೆ ಹಿಡಿದುಕೊಂಡೇ ನಿಂತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. "ಹೂಂ, ಮಾಡ್ರಿ" ಎಂದು ತೋಳು ಚಾಚಿದರು.

ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಬಡಿಗ ಉಳಿ ಕೆಳಗಿಟ್ಟ. ನೋವು ಹೋಗಿರಲಿಲ್ಲ, ಆದರೆ ಅದು ಬೇರೆ ಯಾರದೋ ನೋವಿನಂತೆ ದೂರ ಕುಳಿತಿತ್ತು. ಅಮರೇಶ ಮೆಲ್ಲಗೆ ಕಾಲು ಮಡಚಿದ. ಮೊಣಕಾಲು ಬಗ್ಗಿತು. ಕಾಶಪ್ಪನವರು ಅದನ್ನೇ ನೋಡುತ್ತ, "ಅಲಲಾ" ಎಂದರು, ಮೊಮ್ಮಗ ನಡೆಯುವುದನ್ನು ನೋಡಿದವರಂತೆ. ಆಮೇಲೆ ಅವರಿಗೆ ಸ್ವಲ್ಪ ಅಮಲೂ ಏರಿತು. ತಾವು ಕೋರ್ಟಿನಲ್ಲೇ ಇದ್ದೇವೆಂದು ಬಗೆದು, ಜವಾನ ಕೂಗಬೇಕಾದ ಹೆಸರುಗಳನ್ನು ತಾವೇ ಎತ್ತರದ ದನಿಯಲ್ಲಿ ಕೂಗತೊಡಗಿದರು. "ವಿಜಯಮಹಾಂತೇಶ ಹಾಜರ್ ಅದಾರೇನೊ?" ವರಾಂಡದ ಬೆಂಚಿನಲ್ಲಿ ಕುಳಿತಿದ್ದ ಬೇವೂರಿನ ಹಿರಿಯರೊಬ್ಬರು, ಅದು ತಮ್ಮ ಹೆಸರಲ್ಲದಿದ್ದರೂ, ಗಡಬಡಿಸಿ ಎದ್ದು ಟೊಪ್ಪಿಗೆ ತೆಗೆದು ಬಾಗಿಲಲ್ಲಿ ನಿಂತರು. ಗುರುಲಿಂಗವ್ವ ಅವರಿಗೆ ಕೈ ಮುಗಿದು, ಈ ಕೇಸಿಗೂ ನಿಮಗೂ ಸಂಬಂಧ ಇಲ್ಲರಿ ಎಂದು ಸಮಾಧಾನ ಹೇಳಿ ಕಳಿಸಿದಳು.

ಮರುದಿನವೂ ಹೀಗೇ ನಡೆಯಿತು. ಸೂಜಿ, ವ್ಯಾಯಾಮ, ವಾಕರ್ ಹಿಡಿದು ಬಾಗಿಲವರೆಗೆ ನಡಿಗೆ. ಸೂಜಿಯ ದೆಸೆಯಿಂದ ಹೊಟ್ಟೆ ಕಟ್ಟಿ ಕಾಶಪ್ಪನವರು ಬೇರೊಂದು ಕಷ್ಟಕ್ಕೆ ಬಿದ್ದರು. ಅದಕ್ಕೊಂದು ಔಷಧ ಬಂತು. ಅದರ ಮಾತು ಇಲ್ಲಿ ಬೇಡ.

ಅದರ ಮಾರನೆಯ ದಿನ ಡಾಕ್ಟರ್ ಶೈಲಾ ಮುಖಗಳ ಹಲಗೆ ಹಿಡಿದು ಬಂದರು. ತ್ರಾಸಪ್ಪ ಎರಡು ಬೆರಳೆತ್ತಿ ಅಚ್ಚ ಕನ್ನಡದಲ್ಲಿ "ಎರಡ" ಎಂದ. ಗುರುಲಿಂಗವ್ವ ಕಲಿಸಿದ್ದಳು.

"ನಿಮಗೆಷ್ಟ ಐತ್ರಿ ಕಾಶಪ್ಪನವರ?"

"ಎಂಟ" ಎಂದರು ಕಾಶಪ್ಪನವರು.

ಡಾಕ್ಟರು ಅವರನ್ನೇ ನೋಡಿದರು. "ಮೊನ್ನಿ ಸೊನ್ನಿ ಅಂದಾಗ ಹಣಿ ಮ್ಯಾಲ ಬೆವರ ಇತ್ತು. ಇವತ್ತ ಎಂಟ ಅಂತೀರಿ, ಬಾಯಾಗ ಚುರುಮುರಿ ಐತಿ."

ಕಾಶಪ್ಪನವರು ಅಗಿಯುವುದನ್ನು ನಿಲ್ಲಿಸಿದರು.

"ಇನ್ನ ಸೂಜಿ ಇಲ್ಲರಿ. ಸಾದಾ ಗುಳಗಿ ಸಾಕು."

"ಇನ್ನೊಂದ ದಿನ ವಾಯಿದೆ ಕೊಡ್ರಿ ಮೇಡಂ."

"ಕೇಸ ಮುಗೀತ್ರಿ" ಎಂದು ಡಾಕ್ಟರು ಹೊರಟುಹೋದರು.

ಕಾಶಪ್ಪನವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವತ್ತು ಬೆಳಿಗ್ಗೆ ಎದ್ದಾಗಿನಿಂದ ತಬಸುಮಳ ಚಪ್ಪಲಿ ಸಪ್ಪಳಕ್ಕೆ ಕಿವಿಗೊಟ್ಟು ಮಲಗಿದ್ದದ್ದು ಅವರಿಗೇ ಗೊತ್ತಿತ್ತು. ಕಾಲು ನೋಯುತ್ತಿತ್ತು, ನಿಜ. ಆದರೆ ಎಂಟಲ್ಲ. ನೋವು ದೂರ ಕುಳಿತ ಆ ಹಾಯೆನಿಸುವ ಹೊತ್ತು ಮತ್ತೊಮ್ಮೆ ಬೇಕೆನಿಸಿತ್ತು. ಬೀಡಿಯನ್ನೂ ಮುಟ್ಟದ ತಮಗೆ ಇಷ್ಟು ಬೇಗ ಹೀಗಾದರೆ ಶೀಸೆಯನ್ನೇ ಕೈಗೆ ಕೊಟ್ಟವರ ಗತಿಯೇನು ಎಂದುಕೊಂಡರು. ತಬಸುಮ ಬಂದಾಗ, "ಅವನ ಊರಾಗ ಯಾರಿಗರ ಹಂಗ ಆಗಿತ್ತೇನು ಕೇಳವಾ" ಎಂದರು.

ತ್ರಾಸಪ್ಪ ಕಿಟಕಿಯ ಹೊರಗೆ ನೋಡುತ್ತ ಹೇಳಿದ. ತಬಸುಮ ತುಂಡು ತುಂಡಾಗಿ ತಿರುಗಿಸಿದಳು. ಸಾಲೆಯಲ್ಲಿ ಅವನ ಜೊತೆ ಚೆಂಡಾಡುತ್ತಿದ್ದ ಗೆಳೆಯನೊಬ್ಬನಿದ್ದ. ಮೊಣಕಾಲಿನದೇ ಆಪರೇಶನ್. ಒಂದು ಶೀಸೆ ಮುಗಿಯಿತು, ಮತ್ತೊಂದು ಕೊಟ್ಟರು. ಅದು ಮುಗಿದ ಮೇಲೆ ಕೊಡುವುದನ್ನು ನಿಲ್ಲಿಸಿದರು. ಅವನು ಬೇರೆ ಕಡೆ ಹುಡುಕಿಕೊಂಡ. ಈಗ ಅವನಿಲ್ಲ.

"ಇದೆಲ್ಲಾ ಗೊತ್ತಿದ್ದೂ ನೀ ಕೇಳಿದ್ಯಲ್ಲೋ ತಮ್ಮಾ?" ಎಂದರು ಕಾಶಪ್ಪನವರು.

"ಬ್ಯಾನಿ ಬಂದೀತು ಅನ್ನೂದೊಂದ ತಲ್ಯಾಗ ಇತ್ತಂತ್ರಿ" ಎಂದಳು ತಬಸುಮ. "ಉಳದದ್ದೆಲ್ಲಾ ಮರತಬಿಟ್ಟೆ ಅಂತಾನ."

ಕಾಶಪ್ಪನವರು ಚುರುಮುರಿಯ ಪೊಟ್ಟಣವನ್ನು ಅವನ ಮಂಚದ ಕಡೆ ಚಾಚಿದರು. ಇಬ್ಬರೂ ತಿಂದರು. ಖಾರದ ಮೆಣಸಿನಕಾಯಿ ಬಾಯಿಗೆ ಸಿಕ್ಕಿ ತ್ರಾಸಪ್ಪ ಕೆಮ್ಮಿದಾಗ, ಕಾಶಪ್ಪನವರು ಬೆನ್ನು ತಟ್ಟಲೆಂದು ವಾಕರ್ ಹಿಡಿದು ತಾವೇ ಎದ್ದು ಹೋದರು. ಹೋಗಿ ನಿಂತ ಮೇಲೆಯೇ, ಅಷ್ಟು ದೂರ ಯಾರ ಆಸರೆಯೂ ಇಲ್ಲದೆ ನಡೆದದ್ದು ಅವರಿಗೆ ತಿಳಿದದ್ದು.

ತ್ರಾಸಪ್ಪ ಮೊದಲು ಹೊರಟ, ಬಾದಾಮಿಗೆ. ಕೈಯಲ್ಲಿ ಸಾದಾ ಗುಳಿಗೆಯ ಒಂದು ಪಟ್ಟಿ, ಬಗಲಲ್ಲಿ ಊರುಗೋಲು. ಗುರುಲಿಂಗವ್ವ ಅವನಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಕಲ್ಲಬಂಡಿ ಹತ್ತು, ಬ್ಯಾಡ ಅನ್ನಂಗಿಲ್ಲ. ಗಟಾರ ನೋಡಕೊಂಡ ದಾಟು" ಎಂದಳು. ಅವನಿಗೆ ಎಷ್ಟು ತಿಳಿಯಿತೋ, ಬಗ್ಗಿ ಆಕೆಯ ಕಾಲು ಮುಟ್ಟಲು ಹೋಗಿ ಊರುಗೋಲು ಜಾರಿ, ಇನ್ನೇನು ಬೀಳುವವನನ್ನು ಅಮರೇಶ ಹಿಡಿದ. ಮರುದಿನ ಕಾಶಪ್ಪನವರೂ ಹುನಗುಂದಕ್ಕೆ ಬಂದರು.

ದೀಪಾವಳಿಯ ಹೊತ್ತಿಗೆ ಅವರು ಕೋಲಿಲ್ಲದೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಿ ಬರುತ್ತಿದ್ದರು. ಅಲ್ಲಿಯ ಹೋಟೆಲಿನಲ್ಲಿ ಹಳೆಯ ಗೆಳೆಯರ ಮುಂದೆ ಆಪರೇಶನ್ನಿನ ಕತೆ ಹೇಳುವುದು ಅವರ ಸಂಜೆಯ ಕೆಲಸವಾಯಿತು. ಆ ಕತೆಯಲ್ಲಿ ಅಮೆರಿಕದವನು ಬಹಳ ಅಳುತ್ತಿದ್ದ, ಕಾಶಪ್ಪನವರು ಬಹಳ ಧೈರ್ಯ ಹೇಳುತ್ತಿದ್ದರು. ಸೂಜಿ ಬರುತ್ತಲೇ ಇರಲಿಲ್ಲ.

ಒಂದು ದಿನ ವಕೀಲರ ಗುಮಾಸ್ತನಾಗಿದ್ದ ಶ್ರೀಶೈಲ ಎಲ್ಲರೂ ಎದ್ದು ಹೋಗುವವರೆಗೆ ಕಾದು, ಕುರ್ಚಿ ಹತ್ತಿರ ಎಳೆದುಕೊಂಡ. ಅವನಿಗೂ ಮೊಣಕಾಲು ಬದಲಿಸಬೇಕೆಂದು ಹೇಳಿದ್ದರು.

"ಖರೆ ಹೇಳಲೇ ಕಾಶಪ್ಪ, ಎಷ್ಟ ನೂಸತೈತಿ?"

ಕಾಶಪ್ಪನವರು ಸುತ್ತ ನೋಡಿದರು. ಹೋಟೆಲಿನವನು ಒಳಗೆ ಭಜಿ ಕರಿಯುತ್ತಿದ್ದ. ಇಳಕಲ್ಲಿಗೆ ಹೋಗುವ ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

"ಭಾಳ ನೂಸತೈತಲೇ" ಎಂದರು, ದನಿ ತಗ್ಗಿಸಿ. "ನಾ ಅತ್ತಿಲ್ಲ ಅಷ್ಟ. ಆದ್ರ ನೀ ಹಂಗ ಮಾಡಬ್ಯಾಡ. ಇದ್ದದ್ದ ಇದ್ದಂಗ ಹೇಳು. ಅವರು ಸೂಜಿ ಕೊಟ್ರ ತಗೊ. ಸಾಕು ಅಂದ್ರ, ಸಾಕು ಅನ್ನು. ಅಲ್ಲೆ ವಾದಾ ಮಾಡಾಕ ಹೋಗಬ್ಯಾಡ, ಆ ಮೇಡಂ ಮುಂದ ನಡೆಯಂಗಿಲ್ಲ."

ಶ್ರೀಶೈಲ ತಲೆಯಾಡಿಸಿದ. ಆಮೇಲೆ ಕೇಳಿದ, "ನೀನೂ ಬರತೀ ಏನ ನನ್ನ ಕೂಡ, ಬಾಗಲಕೋಟಿಗೆ?"

"ಬರತೇನಿ" ಎಂದರು ಕಾಶಪ್ಪನವರು. "ಯಾವತ್ತ ಅನ್ನೂದಷ್ಟ ಹೇಳು."